ಮಗುವಿನ ಸುಪರ್ದಿ ಪ್ರಕರಣ ನಡೆಸುವ ವಕೀಲರ ಬಳಿ ಇಂಟರ್ನ್‌ಶಿಪ್ ಮಾಡುವುದು ಹೇಗೆ

ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದಂತೆ ಇಂಟರ್ನ್‌ಶಿಪ್ ಒಂದೇ ಸಮನೆ ನಾಲ್ಕು ವಾರ ಮೀರುವಂತಿಲ್ಲ. ಸಮಯ ಕಡಿಮೆ, ಆದ್ದರಿಂದ ಮಕ್ಕಳ ಪಾಲಕತ್ವಕ್ಕೆ ಸಂಬಂಧಿಸಿದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯನ್ನು ಸೇರುವ ಮೊದಲೇ ಓದಿಕೊಂಡಿರಿ.

ಫೈಲ್ ಕೈಗೆ ಬಂದೊಡನೆ ದಿನಾಂಕಗಳ ಪಟ್ಟಿ ಮಾಡಿ. ಮಗು ಯಾವ ತಿಂಗಳು ಯಾವ ಊರಿನಲ್ಲಿ ಯಾರ ಜೊತೆಗಿತ್ತು, ಶಾಲೆ ಯಾವುದು, ಫೀಸು ಕಟ್ಟಿದವರು ಯಾರು, ಲಸಿಕೆಗೆ ಕರೆದೊಯ್ದವರು ಯಾರು ಎಂದು ಬರೆದು, ಪ್ರತಿ ಸಾಲಿನ ಎದುರು ದಾಖಲೆಯ ಪುಟಸಂಖ್ಯೆ ಹಾಕಿ. ಇಂಟರ್ನ್ ಮಾಡುವ ಕೆಲಸಗಳಲ್ಲಿ ಇದೇ ಅತಿ ಮುಖ್ಯವಾದದ್ದು. ಏಕೆಂದರೆ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 9ನೇ ಕಲಮಿನ ಪ್ರಕಾರ ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೆ ಅಧಿಕಾರ. ಇಲ್ಲಿ ಎಡವಿದರೆ ಅರ್ಜಿ ವಾಪಸಾಗುತ್ತದೆ. ಮತ್ತೆ ಸಲ್ಲಿಸುವಷ್ಟರಲ್ಲಿ ಮಗು ಎದುರು ಪಕ್ಷದವರ ಮನೆಗೆ ಒಗ್ಗಿಹೋಗಿರುತ್ತದೆ.

ವಾಟ್ಸಾಪ್ ಸ್ಕ್ರೀನ್‌ಶಾಟ್ ಮಾತ್ರ ಸಾಲದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಮಿನ ಪ್ರಮಾಣಪತ್ರ, ಅಂದರೆ ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸುವ ಪತ್ರ, ಬೇಕು. ಮೂಲ ಮೆಸೇಜು ಅಳಿಸಬೇಡಿ, ಹಳೆಯ ಫೋನು ಮಾರಬೇಡಿ ಎಂದು ಕಕ್ಷಿದಾರರಿಗೆ ಮೊದಲ ಭೇಟಿಯಲ್ಲೇ ತಿಳಿಸಲು ಸೀನಿಯರ್‌ಗೆ ನೆನಪಿಸಿ.

ಕರಡು ಬರೆಯುವಾಗ ಗಂಡ ಹೆಂಡತಿಯ ಜಗಳವನ್ನೇ ತುಂಬಬೇಡಿ. ನ್ಯಾಯಾಲಯ ನೋಡುವುದು ಮಗುವಿನ ಹಿತವನ್ನು: ಊಟ, ಓದು, ಆರೋಗ್ಯ, ಮನೆಯಲ್ಲಿ ನೋಡಿಕೊಳ್ಳುವವರು.

ಕೌಟುಂಬಿಕ ನ್ಯಾಯಾಲಯದಲ್ಲಿ ವಿಚಾರಣೆ ಗೋಪ್ಯವಾಗಿ ನಡೆಯಬಹುದು, ಹೊರಗೆ ಕಳಿಸಿದರೆ ಸುಮ್ಮನೆ ಹೊರಡಿ. ಕಾರಿಡಾರಿನಲ್ಲಿ ಮಗು ಸಿಕ್ಕರೆ ‘ಯಾರ ಜೊತೆ ಇರ್ತೀಯಾ ಪುಟ್ಟಾ?’ ಎಂದು ಮಾತ್ರ ಕೇಳಲೇಬೇಡಿ. ಅದು ಮಗುವಿಗೆ ಹಿಂಸೆ. ಹೇಳಿಕೊಟ್ಟು ಮಾತಾಡಿಸಿದ್ದಾರೆ ಎಂಬ ಆರೋಪಕ್ಕೂ ದಾರಿ.