ಅಟ್ಟದ ಟ್ರಂಕು ತೆರೆಯುವ ಮೊದಲು ಇಷ್ಟು ತಿಳಿದಿರಲಿ

ನವರಾತ್ರಿಗೆ ಮನೆ ಸ್ವಚ್ಛ ಮಾಡುವಾಗ ಅಟ್ಟದಿಂದ ಟ್ರಂಕು ಇಳಿಯುತ್ತದೆ. ಮುಚ್ಚಳ ತೆಗೆದರೆ ಬೂಷ್ಟಿನ ವಾಸನೆ. ಒಳಗಿನ ಕಾಗದವನ್ನೆಲ್ಲ ಒಂದೋ ಅಂಗಳದ ಬಿಸಿಲಿಗೆ ಹರಡುತ್ತಾರೆ, ಇಲ್ಲವೇ ಬಚ್ಚಲ ಒಲೆಗೆ ಹಾಕುತ್ತಾರೆ. ಎರಡನ್ನೂ ಎಷ್ಟೋ ಮನೆಗಳಲ್ಲಿ ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕುಮಟಾದ ನಮ್ಮ ಮನೆಯ ಟ್ರಂಕು ಕೋಲಾರದ ಚಿನ್ನದ ಗಣಿಯಿಂದ ಬಂದದ್ದು. ದೊಡ್ಡ ಮಾವ ಅಲ್ಲಿ ಗುಮಾಸ್ತರಾಗಿದ್ದರು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಪಡೆದ ಆ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅಲ್ಲಿ ದುಡಿದವರ ದಿನಗಳು ಈಗ ಸಿಗುವುದು ಇಂಥ ಟ್ರಂಕುಗಳಲ್ಲೇ: ಸಂಬಳದ ಚೀಟಿ, ಆಸ್ಪತ್ರೆಯ ಕಾರ್ಡು, ಕ್ವಾರ್ಟರ್ಸಿನ ಮುಂದೆ ನಿಂತು ತೆಗೆಸಿದ ಫೋಟೊ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಥೆಯೂ ಬೇರೆಯಲ್ಲ. ಸ್ವಾತಂತ್ರ್ಯ ಚಳವಳಿಯ ಕರನಿರಾಕರಣೆಯ ಕಾಲದಲ್ಲಿ ಅಂಕೋಲಾ, ಸಿದ್ದಾಪುರದ ರೈತರಿಗೆ ಬಂದ ಜಪ್ತಿ ನೋಟಿಸು ಯಾರದೋ ಕಪಾಟಿನಲ್ಲಿ ಇರಬಹುದು. ಸೂಪಾ ಊರು ಅಣೆಕಟ್ಟಿನಿಂದಾಗಿ ಕಾಳಿ ನದಿಯ ನೀರಿನಡಿ ಇದೆ; ಅಲ್ಲಿಯ ಮನೆಯ ಒಂದು ಉತಾರ, ಅಂದರೆ ಆಸ್ತಿಯ ದಾಖಲೆಯ ಪ್ರತಿ, ನಿಮ್ಮ ಹತ್ತಿರ ಇದ್ದರೆ ಅದನ್ನು ಚಿನ್ನದ ಹಾಗೆ ನೋಡಿಕೊಳ್ಳಿ.

ಮೊದಲು ಕಾಲ ನೋಡಿ. ಗಾಳಿಯ ತೇವ ನೂರಕ್ಕೆ 65 ದಾಟಿದರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ನಮ್ಮಲ್ಲಿ ಮಳೆಗಾಲದುದ್ದಕ್ಕೂ ಅದಕ್ಕಿಂತ ಜಾಸ್ತಿಯೇ. ನವರಾತ್ರಿಗೆ ಇಳಿಸಿದ ಟ್ರಂಕನ್ನು ಮುಚ್ಚಳ ತೆರೆದು ಗಾಳಿಯಾಡುವ ಕೋಣೆಯಲ್ಲಿ ಇಡಿ. ಕೈ ಹಾಕುವುದು ಡಿಸೆಂಬರ್, ಜನವರಿಯ ಒಣ ಗಾಳಿಯಲ್ಲಿ.

ತೆಗೆಯುವ ಮುಂಚೆ ಪ್ರತಿ ಪದರದ ಫೋಟೊವನ್ನು ಮೊಬೈಲಿನಲ್ಲಿ ಹೊಡೆದುಕೊಳ್ಳಿ. ಯಾವುದರ ಜೊತೆ ಯಾವುದು ಇತ್ತು ಎಂಬುದೇ ಅರ್ಧ ಸುದ್ದಿ ಹೇಳುತ್ತದೆ. ಇಸವಿ ನೋಡಿ ಜೋಡಿಸಲು ಹೋಗಬೇಡಿ.

ಈಗ ಕಷ್ಟದ ಕೆಲಸ: ಅಂಟಿಕೊಂಡದ್ದನ್ನು ಬಿಡಿಸುವುದು. ಕಾಗದ ಹಾಳಾಗುವುದು ಜಾಸ್ತಿ ಇಲ್ಲೇ. ನನ್ನ ಕೈಯಲ್ಲೂ ಹಾಳಾಗಿದೆ. ಗಣಿಯ ಬಾವಿಯ ಮುಂದೆ ಹತ್ತು ಜನ ನಿಂತ ಫೋಟೊ ಒಂದು ಪತ್ರಕ್ಕೆ ಅಂಟಿತ್ತು. ಸುಮ್ನೆ ಎಳೆದೆ. ಎಡತುದಿಯವರ ಮುಖ ಪತ್ರದ ಜೊತೆ ಕಿತ್ತು ಬಂತು. ಫೋಟೊದಲ್ಲಿ ಅವರ ಹೆಲ್ಮೆಟ್ಟಿನ ದೀಪ ಮಾತ್ರ ಉಳಿದಿದೆ.

ಹಾಗಾಗಿ ಎಳೆಯಬೇಡಿ. ಕಾಗದದ ಗಂಟನ್ನು ನೆರಳಿನಲ್ಲಿ, ಫ್ಯಾನಿನ ಗಾಳಿ ನೇರ ಬೀಳದ ಕಡೆ, ಹಳೆಯ ಬಿಳಿ ಪಂಚೆಯ ಮೇಲೆ ನಾಲ್ಕೈದು ದಿನ ಬಿಡಿ. ಬಿಸಿಲು ಬೇಡವೇ ಬೇಡ. ಶಾಯಿ ಮಾಸುತ್ತದೆ, ಕಾಗದ ಸೆಟೆದುಕೊಳ್ಳುತ್ತದೆ. ಒಣಗಿದ ಬೂಷ್ಟನ್ನು ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್ಷಿನಿಂದ ನಿಮ್ಮಿಂದ ದೂರಕ್ಕೆ ಗುಡಿಸಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಬೂಷ್ಟು ಕಾಗದದೊಳಗೇ ಇಳಿಯುತ್ತದೆ. ಆಮೇಲೆ ಎಲ್ಲಿ ಸಡಿಲವಾಗಿದೆಯೋ ಆ ಮೂಲೆಯಿಂದ ನಯವಾದ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಒಳಗೆ ಸರಿಸಿ. ತೆಂಗಿನ ಗರಿಯ ಕಡ್ಡಿ ಚೂಪು, ಅದು ಬೇಡ. ಒಂದು ಸಲಕ್ಕೆ ಅಕ್ಕಿಕಾಳಿನಷ್ಟು ದೂರ ಹೋದರೆ ಸಾಕು. ತಡೆದರೆ ನಿಲ್ಲಿಸಿ, ಬೇರೆ ಮೂಲೆ ಹಿಡಿಯಿರಿ. ಒಂದು ಗಂಟಿಗೆ ಒಂದು ಇಡೀ ಮಧ್ಯಾಹ್ನ ಹೋದರೂ ಹೋಗಲಿ.

ಕಪ್ಪು ಬಿಳುಪು ಫೋಟೊಗಳು ಒಂದಕ್ಕೊಂದು ಅಂಟಿದ್ದರೆ ತಣ್ಣೀರಿನಲ್ಲಿ ನೆನೆಸಿ ಬಿಡಿಸಿ ಎಂದು ಹೇಳುವವರಿದ್ದಾರೆ. ಬೂಷ್ಟು ಹಿಡಿದ ಫೋಟೊಕ್ಕೆ ಅದನ್ನು ಮಾಡಬೇಡಿ. ಬೂಷ್ಟು ತಿಂದ ಮೇಲ್ಪದರ ನೀರಿನಲ್ಲಿ ಕರಗುತ್ತದೆ, ಮುಖವೇ ತೊಳೆದುಹೋಗುತ್ತದೆ. ಫ್ರೇಮಿನ ಗಾಜಿಗೆ ಅಂಟಿದ ಫೋಟೊವನ್ನು ಗಾಜಿನ ಸಮೇತ ಸ್ಕ್ಯಾನ್ ಮಾಡಿ, ಹಾಗೇ ಬಿಡಿ. ಅಂಟಿನ ಪುಟ, ಪ್ಲಾಸ್ಟಿಕ್ ಹಾಳೆಯ ಆಲ್ಬಮ್ ಇದೆ ಅಲ್ವಾ, ಅದರಿಂದ ಬಿಡಿಸಲು ಹಲ್ಲಿನ ಸಂದಿ ಸ್ವಚ್ಛ ಮಾಡುವ ಫ್ಲಾಸ್ ದಾರವನ್ನು ಫೋಟೊದ ಕೆಳಗೆ ಗರಗಸದ ಹಾಗೆ ಮೆಲ್ಲಗೆ ಆಡಿಸಿ. ಅಂಥ ಆಲ್ಬಮ್ ಮತ್ತೆ ಕೊಳ್ಳಲೇಬೇಡಿ.

ಮಾಡು ಸೋರಿ ಗಂಟು ಪೂರ್ತಿ ಒದ್ದೆಯಾಗಿದ್ದರೆ, ಬಿಡಿಸಲು ಪುರಸೊತ್ತಿಲ್ಲದಿದ್ದರೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿಗೆ ಹಾಕಿ. ಬೂಷ್ಟು ಬೆಳೆಯುವುದು ಅಲ್ಲಿಗೆ ನಿಲ್ಲುತ್ತದೆ. ಗಾಜಿನ ನೆಗೆಟಿವ್ ಮಾತ್ರ ಫ್ರೀಜರಿಗೆ ಬೇಡ.

ತುಕ್ಕು ಹಿಡಿದ ಗುಂಡುಪಿನ್ನು, ಸ್ಟೇಪಲ್ ಎಲ್ಲ ತೆಗೆಯಿರಿ. ಸಮುದ್ರದ ಗಾಳಿಗೆ ಅವು ಕಾಗದವನ್ನೇ ತಿನ್ನುತ್ತವೆ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ಅಂಟು ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ. ಲ್ಯಾಮಿನೇಷನ್ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಗೊತ್ತಿದ್ದವರೊಬ್ಬರು ಅಜ್ಜನ ಗೇಣಿ ಚೀಟಿಗಳನ್ನೆಲ್ಲ ಪೇಟೆಯ ಒಂದು ಅಂಗಡಿಯಲ್ಲಿ ಪ್ರೀತಿಯಿಂದಲೇ ಲ್ಯಾಮಿನೇಟ್ ಮಾಡಿಸಿದರು. ಬಿಸಿ ಅಂಟು ಒಳಗೆ ಇಳಿದು ಈಗ ಕಾಗದ ಕಂದಾಗಿದೆ. ಬಿಡಿಸುವ ದಾರಿಯೇ ಇಲ್ಲ.

ಸ್ಕ್ಯಾನ್ ಸುಲಭ. ಪತ್ರಕ್ಕೆ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ), ಫೋಟೊಕ್ಕೆ 600, ಹಿಂಬದಿಯೂ ಸೇರಿ. ಮನೆಯವರಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಚಿತ್ರ ಸವೆಯುತ್ತದೆ. ಒಂದು ಪ್ರತಿ ಬೇರೆ ಊರಿನಲ್ಲಿರುವ ಮಗನ ಅಥವಾ ತಂಗಿಯ ಮನೆಯಲ್ಲಿ ಇರಲಿ.

ಓದಲು ಬಾರದ ಮೋಡಿ ಅಕ್ಷರದ, ಅಂದರೆ ಮರಾಠಿಯ ಹಳೆಯ ಕೂಡುಬರಹದ, ಹಾಳೆ ಸಿಕ್ಕರೆ ಒಲೆಗೆ ಹಾಕಬೇಡಿ. 1862ರಿಂದ 1956ರವರೆಗೆ ನಮ್ಮ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. ಮರಾಠಿ ಕಾಗದ ಮನೆಯಲ್ಲಿ ಇರುವುದು ಸಹಜ. ಓದಿ ಹೇಳುವವರು ಇನ್ನೂ ಇದ್ದಾರೆ.

ಎತ್ತಿಡಲು ಗಂಜಿ ಹಾಕದ, ತೊಳೆದ ಬಿಳಿ ಹತ್ತಿ ಬಟ್ಟೆ ಸಾಕು. ಕೆಂಪು ಬಟ್ಟೆ ಒದ್ದೆಯಾದರೆ ಬಣ್ಣ ಬಿಡುತ್ತದೆ. ಹೊಸ ರೇನ್‌ಕೋಟಿನ ವಾಸನೆ ಬರುವ ಪ್ಲಾಸ್ಟಿಕ್ ಫೈಲು ಬೇಡ, ನುಸಿಗುಳಿಗೆಯೂ ಬೇಡ. ಸಿಲಿಕಾ ಜೆಲ್ ಚೀಲ ಹಾಕಿ, ಜೂನ್ ಬರುವ ಮೊದಲು ಬದಲಾಯಿಸಿ. ಟ್ರಂಕು ಅಟ್ಟಕ್ಕೆ ಹೋಗಬಾರದು. ನಡುಮನೆಯ ಒಳಗೋಡೆಯ ಹತ್ತಿರ, ನೆಲದಿಂದ ಒಂದು ಮಣೆ ಎತ್ತರದಲ್ಲಿ ಇರಲಿ.

ಹೆಸರು ಬರೆದಿಡುವ ಕೆಲಸ ಮಾತ್ರ ಡಿಸೆಂಬರಿಗೆ ಕಾಯಬಾರದು, ಇವತ್ತೇ ಮಾಡಿ. ಹಿರಿಯರ ಮುಂದೆ ಫೋಟೊ ಇಟ್ಟು, ಮೊಬೈಲಿನ ರೆಕಾರ್ಡರ್ ಹಾಕಿ, ಎಡದಿಂದ ಬಲಕ್ಕೆ ಒಬ್ಬೊಬ್ಬರನ್ನೇ ಕೇಳಿ. ಫೋಟೊದ ಹಿಂದೆ ಅಂಚಿನಲ್ಲಿ 2ಬಿ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ, ಬಾಲ್‌ಪೆನ್ ಬೇಡ. ನಮ್ಮ ಅತ್ತೆ ಆ ಹತ್ತು ಜನರಲ್ಲಿ ನಾಲ್ವರ ಹೆಸರು ಹೇಳಿದರು. ಐದನೆಯದು ಅವರಿಗೆ ಮಧ್ಯಾಹ್ನ ಊಟದ ನಡುವೆ ನೆನಪಾಯಿತು. ನಾನು ಎದ್ದು ಕೈ ತೊಳೆದು ಬಂದು ಬರೆದುಕೊಂಡೆ.