ಭಾನುವಾರದ ಬೆಣ್ಣೆ ದೋಸೆ ಬಿಡದೇ ಉದ್ರಿ ತೀರಿಸಿದ್ದು

ಹೋದ ವರ್ಷ ಯುಗಾದಿ ಹೊತ್ತಿಗೆ ನಮ್ಮ ಓಣಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ನಮ್ಮ ಹೆಸರಿಗೆ 7,800 ರೂಪಾಯಿ ಬಾಕಿ ಇತ್ತು. ಈ ವರ್ಷ ಯುಗಾದಿಗೆ ಏನೂ ಇಲ್ಲ. ಮೊದಲ ಮೂರು ತಿಂಗಳು, ಆಮೇಲೆ ನಡುವೆ ಮೂರೋ ನಾಲ್ಕೋ ವಾರ ಬಿಟ್ಟರೆ ಪ್ರತಿ ಭಾನುವಾರ ಮನೆಯಲ್ಲಿ ಬೆಣ್ಣೆ ದೋಸೆ ಆಗಿದೆ. ಹೋಟೆಲಿನದ್ದಲ್ಲ, ನಾನೇ ಮಾಡಿದ್ದು. ಎರಡೂ ಒಟ್ಟಿಗೆ ಆಗಲ್ಲ ಅಂತ ಎಲ್ಲರೂ ಹೇಳಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಮನೆಯಲ್ಲಿ ನಾವು ಐದು ಜನ. ಅತ್ತೆ, ನಾವಿಬ್ಬರು, ಪಿಯುಸಿ ಓದುವ ಮಗಳು, ಏಳನೇ ಕ್ಲಾಸಿನ ಮಗ. ನಮ್ಮನೆಯವರು ಇಲ್ಲೇ ದಾವಣಗೆರೆಯ ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಸಂಬಳ 17,000. ನಾನು ಬ್ಲೌಸ್ ಹೊಲಿದು ಎರಡು, ಎರಡೂವರೆ ಸಾವಿರ ದುಡಿಯುತ್ತೇನೆ. ಶ್ರಾವಣದಲ್ಲಿ ಸ್ವಲ್ಪ ಜಾಸ್ತಿ. ಬಾಡಿಗೆ 5,000, ಆಮೇಲೆ ಮಗಳ ಫೀಸು. ಅತ್ತೆಗೆ ಬರುವ ಗೃಹಲಕ್ಷ್ಮಿ ದುಡ್ಡು ಅವರ ಮಾತ್ರೆಗೆ ಸರಿಹೋಗುತ್ತದೆ, ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಡುಗೆಮನೆಗೆ ಆಗ ತಿಂಗಳಿಗೆ ಒಂಬತ್ತೂವರೆ ಸಾವಿರ ಹೋಗುತ್ತಿತ್ತು. ಈಗ ಆರು ಸಾವಿರದ ಆಸುಪಾಸು.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ರುಚಿಯ ಎಲ್ಲ ಖರ್ಚನ್ನೂ ಕತ್ತರಿಸಿದೆ. ಬಿಸ್ಕತ್ತು ಬಂದ್, ಕರಿದದ್ದು ಬಂದ್, ತುಪ್ಪ ಬಂದ್. ಮೂರು ಹೊತ್ತೂ ಅನ್ನ, ತಿಳಿ ಸಾರು. 4,500ಕ್ಕೆ ತಿಂಗಳು ಕಳೆಯುತ್ತೇನೆ ಅಂತ ಗೋಡೆ ಕ್ಯಾಲೆಂಡರ್ ಮೇಲೆ ಬರೆದೂ ಇಟ್ಟಿದ್ದೆ. ಮೂರು ತಿಂಗಳು ಹಾಗೇ ನಡೆಸಿದೆ. ಉದ್ರಿ 7,800ರಿಂದ 8,600ಕ್ಕೆ ಏರಿತು! ಎಲ್ಲಿ ಹೋಯಿತು ದುಡ್ಡು ಅಂತ ಒಂದು ರಾತ್ರಿ ಕೂತು ಎಲ್ಲರನ್ನೂ ಕೇಳಿದೆ. ಮಗ ಸಂಜೆ ಟ್ಯೂಷನ್ನಿಂದ ಬರುವಾಗ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದ. ಮಗಳು ಕಾಲೇಜಿನ ಹತ್ತಿರ ಗೋಬಿ. ನಮ್ಮನೆಯವರು ಅಂಗಡಿಯಿಂದ ಹೊರಟು ಒಂದು ಖಾಲಿ ದೋಸೆ ತಿಂದೇ ಮನೆಗೆ ಬರುತ್ತಿದ್ದರು. ನಾನೂ ಎರಡು ಸಲ ತಿಂದಿದ್ದೆ. ಎಲ್ಲ ಕೂಡಿಸಿದರೆ 1,700 ದಾಟಿತು. ಯಾರನ್ನೂ ಬೈಯಲಿಲ್ಲ. ಮನೆಯಲ್ಲಿ ನಾಲಿಗೆಗೆ ಏನೂ ಸಿಗದಿದ್ದರೆ ಹೊರಗೆ ಹುಡುಕುತ್ತಾರೆ, ಅದು ಅವರ ತಪ್ಪಲ್ಲ.

ಆಮೇಲೆ ಲೆಕ್ಕ ತಿರುಗಿಸಿದೆ. ತಿಂಗಳ ಮೊದಲ ದಿನ ಖುಷಿಗೆ 800 ರೂಪಾಯಿ ಎತ್ತಿಡುವುದು. ಅದರಲ್ಲಿ ವಾರಕ್ಕೊಮ್ಮೆ ಬೆಣ್ಣೆ ದೋಸೆ. ಉಳಿದದ್ದರಲ್ಲಿ ಅಡುಗೆ, ದಿನಾ ಸಂಜೆ ಒಗ್ಗರಣೆ ಮಂಡಕ್ಕಿ. ಹರಿಹರದಲ್ಲಿರುವ ಅಕ್ಕ ಫೋನಿನಲ್ಲಿ, "ಸಾಲ ಇಟ್ಕೊಂಡು ಬೆಣ್ಣೆ ತಿಂತೀಯೇನೇ?" ಅಂದಳು. ಅತ್ತೆಯದು ಬೇರೆ ತಕರಾರು. "ಮನೆ ಗ್ಯಾಸಿನ ಮೇಲೆ ಆ ದೋಸೆ ಬರಲ್ಲವ್ವಾ. ಸುಮ್ನೆ ಹಿಟ್ಟು ಹಾಳು."

ಅತ್ತೆ ಹೇಳಿದ್ದು ಮೊದಲ ಒಂದೂವರೆ ತಿಂಗಳು ನಿಜವೇ ಆಯಿತು. ನಾನ್‌ಸ್ಟಿಕ್ ಹಂಚಿನಲ್ಲಿ ದೋಸೆ ಬೆಂದಿತು, ಆದರೆ ಕೆಂಪಾಗಲಿಲ್ಲ. ಮನೆಯಲ್ಲಿದ್ದ ತೆಳು ಕಬ್ಬಿಣದ ಹಂಚಿನಲ್ಲಿ ನಡು ಕರಿ, ಅಂಚು ಬಿಳಿ. ಹೋಟೆಲಿನವರದ್ದು ಕಟ್ಟಿಗೆ ಬೆಂಕಿ, ದಪ್ಪ ಹಂಚು. ಕಾವು ಎಲ್ಲ ಕಡೆ ಒಂದೇ ಸಮ ಇರುತ್ತದೆ. ನಮ್ಮ ಬರ್ನರ್ ನಡುವೆ ಮಾತ್ರ ಉರಿಯುತ್ತದೆ. ಅಂಗಡಿಯಲ್ಲಿ ದಪ್ಪ ಹಂಚು ಕೇಳಿದರೆ 1,400 ಅಂದರು. ವಾಪಸ್ ಬಂದೆ. ಆಮೇಲೆ ಗುಜರಿ ಅಂಗಡಿಯಲ್ಲಿ 6 ಎಂಎಂ ದಪ್ಪದ ಒಂದು ಕಬ್ಬಿಣದ ತಗಡು ಕಣ್ಣಿಗೆ ಬಿತ್ತು. ವೆಲ್ಡಿಂಗ್ ಶಾಪಿನಲ್ಲಿ 14 ಇಂಚು ದುಂಡಗೆ ಕತ್ತರಿಸಿ, ಅಂಚು ಉಜ್ಜಿ, ಹಿಡಿ ಕೂರಿಸಿಕೊಟ್ಟರು. ನಾಲ್ಕೂವರೆ ಕೆಜಿ ಮೇಲೆ ತೂಗಿತು. ಕಬ್ಬಿಣಕ್ಕೆ 280, ಕೆಲಸಕ್ಕೆ 120. ಒಟ್ಟು 400. ಮೊದಲು ಮರಳು ಹಾಕಿ ಉಜ್ಜಿದೆ. ಆಮೇಲೆ ಒಂದು ವಾರ ದಿನಾ ಎಣ್ಣೆ ಸವರಿ, ಕಾಯಿಸಿ, ಈರುಳ್ಳಿಯಿಂದ ತಿಕ್ಕಿದೆ. ಮೊದಲ ಹತ್ತು ದೋಸೆ ಕಿತ್ತುಕೊಂಡು ಬಂದವು. ಹನ್ನೊಂದನೆಯದು ಜಾರಿತು. ಆ ದೋಸೆಯನ್ನು ಅತ್ತೆಯ ತಟ್ಟೆಗೇ ಹಾಕಿದೆ. ಅವರು ಏನೂ ಹೇಳಲಿಲ್ಲ, ಇನ್ನೊಂದು ಹಾಕು ಅಂದರು.

ದಪ್ಪ ಹಂಚಿನ ತೊಂದರೆ ಗ್ಯಾಸು. ಕಾಯಲು ಹತ್ತು ಹದಿನೈದು ನಿಮಿಷ ಬೇಕು. ನಾನು ಭಾನುವಾರ ಮಧ್ಯಾಹ್ನದ ಜೋಳದ ರೊಟ್ಟಿಯನ್ನು ಬೆಳಿಗ್ಗೆ ಅದರ ಮೇಲೇ ಮೊದಲು ಬೇಯಿಸುತ್ತೇನೆ. ರೊಟ್ಟಿ ಮುಗಿಯುವಷ್ಟರಲ್ಲಿ ಹಂಚು ದೋಸೆಗೆ ಸಿದ್ಧ. ಹಿಟ್ಟು ಒರೆಸಿ, ನೀರು ಚಿಮುಕಿಸಿ, ಹೊಯ್ಯುವುದು. ಕೊನೆಯ ದೋಸೆ ಹೊಯ್ದ ತಕ್ಷಣ ಗ್ಯಾಸ್ ಆಫ್. ಅದು ಉಳಿದ ಕಾವಿನಲ್ಲೇ ಬೇಯುತ್ತದೆ. ಅದನ್ನು ತೆಗೆದ ಮೇಲೆ ಒಣಮೆಣಸಿನಕಾಯಿ, ಶೇಂಗಾ, ಗುರೆಳ್ಳು ಹರಡಿಬಿಡುತ್ತೇನೆ. ವಾರದ ಚಟ್ನಿಪುಡಿಗೆ ಬೇರೆ ಹುರಿಯುವ ಕೆಲಸವೇ ಇಲ್ಲ. ಸಿಲಿಂಡರ್ ಮೊದಲು 38 ದಿನ ಬರುತ್ತಿತ್ತು, ಈಗ 45ರ ತನಕ ಬರುತ್ತದೆ. ರಾತ್ರಿ ಕಾಳು ನೆನೆಸುವುದೂ ಇದಕ್ಕೆ ಒಂದು ಕಾರಣ ಇರಬಹುದು.

ಇನ್ನು ಬೆಣ್ಣೆ. ಮೊದಲು ಪ್ಯಾಕೆಟ್ ಬೆಣ್ಣೆ ತಂದು ನೋಡಿದೆ. ಉಪ್ಪಿನ ರುಚಿ, ಮೇಲೆ ದುಬಾರಿ. ನೀಲಿ ಪ್ಯಾಕೆಟ್ ಹಾಲಿನಲ್ಲಿ ಕೊಬ್ಬು 3 ಪರ್ಸೆಂಟ್ ಅಷ್ಟೇ, ಕೆನೆ ಏನು ಬರುತ್ತದೆ? ಹಾಗಾಗಿ ಪಕ್ಕದ ಹಳ್ಳಿಯಿಂದ ಬರುವ ಅಜ್ಜನ ಹತ್ತಿರ ಎಮ್ಮೆ ಹಾಲು ಒಂದು ಲೀಟರ್ ಹಿಡಿದೆ. ಪ್ಯಾಕೆಟ್ಟಿಗಿಂತ ದಿನಕ್ಕೆ 14 ರೂಪಾಯಿ ಜಾಸ್ತಿ, ತಿಂಗಳಿಗೆ 420. ವಾರಕ್ಕೆ 200 ಗ್ರಾಂ ಬೆಣ್ಣೆ, ತಿಂಗಳಿಗೆ 800. ಅಂಗಡಿಯಲ್ಲಿ 420ಕ್ಕೆ 800 ಗ್ರಾಂ ಬೆಣ್ಣೆ ಯಾರು ಕೊಡುತ್ತಾರೆ? ಮಜ್ಜಿಗೆ ಬೇರೆ ಉಳಿಯುತ್ತದೆ, ಸೋಮವಾರದ ಮಜ್ಜಿಗೆ ಹುಳಿಗೆ ಅದೇ. ಕೆನೆ ತೆಗೆದ ಹಾಲಿನ ಚಹಾ ತೆಳ್ಳಗೆ ಅಂತ ಅತ್ತೆ ಎರಡು ವಾರ ಮುನಿಸಿಕೊಂಡಿದ್ದರು. ಅವರ ಲೋಟಕ್ಕೆ ಮಾತ್ರ ಕೆನೆ ತೆಗೆಯುವ ಮೊದಲೇ ಒಂದು ಸೌಟು ಎತ್ತಿಡಲು ಶುರು ಮಾಡಿದೆ.

ಇಲ್ಲೂ ಕೆಟ್ಟದ್ದಿದೆ. ಒಂದು ಸಲ ಕೆನೆಯನ್ನು ಹದಿನೈದು ದಿನ ಕೂಡಿಟ್ಟೆ. ಫ್ರಿಜ್ಜಿನಲ್ಲೇ ಇದ್ದರೂ ಕಹಿ ಬಂತು, ಎಲ್ಲ ಹೋಯಿತು. ವಾರ ದಾಟಿಸಬಾರದು. ಶುಕ್ರವಾರ ರಾತ್ರಿ ಹೆಪ್ಪು ಹಾಕಿ, ಶನಿವಾರ ರಾತ್ರಿ ಮೊಸರಾದ ಕೆನೆಯನ್ನು ಫ್ರಿಜ್ಜಿಗಿಟ್ಟು, ಭಾನುವಾರ ಐದು ಗಂಟೆಗೆ ಕಡೆಯುತ್ತೇನೆ. ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲು ಗೊತ್ತಲ್ಲ, ಸೂರ್ಯ ಮೇಲೆ ಬಂದ ಮೇಲೆ ಕಡೆದರೆ ಬೆಣ್ಣೆ ಮುದ್ದೆಯಾಗುವುದೇ ಇಲ್ಲ. ಮಿಕ್ಸಿಯಲ್ಲಿ ತಿರುಗಿಸಿದ್ದೆ, ಜಾರ್ ಬಿಸಿಯಾಗಿ ಎಣ್ಣೆ ಎಣ್ಣೆಯಾಯಿತು. ಕಡೆಗೋಲೇ ಸರಿ. ಬೆಣ್ಣೆಯನ್ನು ತಣ್ಣೀರಿನಲ್ಲಿ ಮೂರು ಸಲ ತೊಳೆಯಲೇಬೇಕು. ಮಜ್ಜಿಗೆ ಉಳಿದರೆ ಹಂಚಿನ ಮೇಲೆ ಅದೇ ಕರಿ ಚುಕ್ಕೆಯಾಗಿ ಸೀದು ಹೋಗುತ್ತದೆ. ಇದು ತಿಳಿಯಲು ನನಗೆ ನಾಲ್ಕು ಭಾನುವಾರ ಹಿಡಿಯಿತು.

ಹಿಟ್ಟಿನ ಅಳತೆ ಎಲ್ಲರಿಗೂ ಗೊತ್ತಿರುವುದೇ. ನನ್ನದು ನಾಲ್ಕು ಲೋಟ ಸೊಸೈಟಿ ಅಕ್ಕಿ, ಮುಕ್ಕಾಲು ಲೋಟ ಉದ್ದು, ಸ್ವಲ್ಪ ಮೆಂತ್ಯ, ಎರಡು ಲೋಟ ಮಂಡಕ್ಕಿ. ಸೋನಾ ಮಸೂರಿಗಿಂತ ಸೊಸೈಟಿ ಅಕ್ಕಿಯೇ ಒಳ್ಳೆಯದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಉದ್ದು ಒಂದು ಲೋಟ ಹಾಕಿದರೆ ದೋಸೆ ಮೆತ್ತಗಾಗಿ ಬಾಗುತ್ತದೆ, ಮೇಲಾಗಿ ದುಡ್ಡು ದಂಡ. ಮಂಡಕ್ಕಿ ನಮ್ಮೂರಿನದೇ, ಭಟ್ಟಿಯಿಂದ ಬಂದ ಹೊಸ ಮಂಡಕ್ಕಿ ಆಗಬೇಕು. ಹಳೆಯದಾದರೆ ದೋಸೆಗೆ ಒಂಥರಾ ವಾಸನೆ. ಹೊಯ್ಯುವ ಮೊದಲು ಹಿಟ್ಟಿಗೆ ಇನ್ನೊಂದು ಪದಾರ್ಥ ಒಂದು ಚಮಚ ಸೇರಿಸುತ್ತೇನೆ. ಬಣ್ಣ ಬರುವುದು ಅದರಿಂದಲೇ. ಸಕ್ಕರೆ ಅಲ್ಲ, ಮೈದಾ ಅಲ್ಲ. ಅದು ಮಗಳಿಗೆ ಮಾತ್ರ ಹೇಳಿಕೊಟ್ಟಿದ್ದೇನೆ.

ಆಲೂಗಡ್ಡೆ ಪಲ್ಯಕ್ಕೆ ಅರಿಶಿನ ಹಾಕಬೇಡಿ, ನಮ್ಮೂರ ಪಲ್ಯ ಬಿಳಿಯದು. ಚಟ್ನಿಗೆ ತೆಂಗಿನಕಾಯಿ ಬೆಲೆ ಏರಿದಾಗ ಅರ್ಧ ಹೋಳಷ್ಟಕ್ಕೆ ಇಳಿಸಿ ಹುರಿಗಡಲೆ ಜಾಸ್ತಿ ಮಾಡಿದೆ. ಬರೀ ಹುರಿಗಡಲೆ ಹಾಕಿದ್ದೂ ಇದೆ, ಅವತ್ತು ಚಟ್ನಿ ಯಾರೂ ಮುಟ್ಟಲಿಲ್ಲ. ಅರ್ಧ ಹೋಳಿಗಿಂತ ಕೆಳಗೆ ಇಳಿಯಬಾರದು. ಐದು ಜನಕ್ಕೆ ಹದಿನಾಲ್ಕು ಹದಿನೈದು ದೋಸೆ, ಬೆಣ್ಣೆ ಸೇರಿಸಿ 190, ಹೆಚ್ಚೆಂದರೆ 200 ರೂಪಾಯಿ. ಹೋಟೆಲಿನಲ್ಲಿ ಒಂದಕ್ಕೇ ಅರವತ್ತು ಎಪ್ಪತ್ತು ಕೊಡಬೇಕು.

ಈ ದೋಸೆ ಶುರುವಾದದ್ದೇ ಕಷ್ಟದಲ್ಲಿ ಅಂತ ಊರಲ್ಲಿ ಹೇಳುತ್ತಾರೆ. ಚೆನ್ನಮ್ಮ ಎಂಬ ತಾಯಿ 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದರಂತೆ. ನಾಟಕದ ಥಿಯೇಟರ್ ಹತ್ತಿರ ದೋಸೆ ಮಾಡಿ ಮಾರಿದರಂತೆ. ಮೊದಲು ಅದು ರಾಗಿ ದೋಸೆ. ಅಕ್ಕಿ, ಬೆಣ್ಣೆ ಸೇರಿದ್ದು ಮಕ್ಕಳ ಕಾಲದಲ್ಲಿ. ಇದನ್ನು ಕೇಳಿದ ಮೇಲೆ ನಾನೂ ಒಂದು ಭಾನುವಾರ ಅರ್ಧ ರಾಗಿ ಹಾಕಿ ಮಾಡಿದೆ. ಬೆಣ್ಣೆ ಜಾಸ್ತಿ ಕುಡಿಯುತ್ತದೆ, ಆದರೆ ರುಚಿ ಇದೆ. ಮಗನಿಗೆ ಅದೇ ಇಷ್ಟ. ಈಗ ತಿಂಗಳಿಗೆ ಒಂದು ಸಲ ರಾಗಿಯದ್ದು.

ಹಾಗೇ ಇನ್ನೆರಡು ಪ್ರಯೋಗ ಮಾಡಿದೆ. ಒಂದು ಹೊಟ್ಟಿನ ಒಲೆ. ಎಣ್ಣೆ ಡಬ್ಬಿಯ ಕೆಳಗೆ ತೂತು ಮಾಡಿ, ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟು ತುರುಕಿ, ಬಾಟಲಿ ಎಳೆದರೆ ಒಲೆ. ಒಂದೂವರೆ ತಾಸು ಉರಿಯಿತು. ಆದರೆ ಹೊಗೆ ಮೇಲಿನ ಮನೆಗೆ ನುಗ್ಗಿತು. ಬಾಡಿಗೆ ಮನೆ ನಮ್ಮದು, ಬಿಟ್ಟೆ. ಇನ್ನೊಂದು ಈರುಳ್ಳಿ. ಜಗಳೂರು, ಚಿತ್ರದುರ್ಗದ ಕಡೆ ಬೆಳೆ ಬಂದು ರೇಟು ಬಿದ್ದಾಗ ಒಂದು ಚೀಲ ಪೂರ್ತಿ ತಂದೆ, ಐವತ್ತು ಕೆಜಿ. ಆರು ತಿಂಗಳು ಬರುತ್ತದೆ ಅಂದುಕೊಂಡಿದ್ದೆ. ಮಳೆಗಾಲದ ಬೆಳೆ ಬಾಳಿಕೆ ಬರುವುದಿಲ್ಲ. ಬೇಸಿಗೆಯಲ್ಲಿ ಕಿತ್ತದ್ದು ಮಾತ್ರ ಇಡಲು ಯೋಗ್ಯ. ಮೂರು ವಾರದಲ್ಲಿ ಅರ್ಧ ಚೀಲ ಕೊಳೆತು, ಸುಮಾರು 450 ರೂಪಾಯಿ ಮಣ್ಣಾಯಿತು. ಈಗ ಐದು ಕೆಜಿ ಮೀರಿ ತರುವುದಿಲ್ಲ.

ವಾರದ ದಿನಗಳ ಅಡುಗೆ ಸರಳ. ಹುರುಳಿ ಬೇಯಿಸಿದರೆ ಕಟ್ಟಿನ ಸಾರು ಒಂದು ಹೊತ್ತಿಗೆ, ಕಾಳಿನ ಪಲ್ಯ ಇನ್ನೊಂದು ಹೊತ್ತಿಗೆ. ಅಲಸಂದೆ, ಹೆಸರು, ಮಡಕೆ ಕಾಳು ಸರದಿ ಮೇಲೆ. ತೊಗರಿಬೇಳೆ ವಾರಕ್ಕೆ ಎರಡೇ ದಿನ. ಸೊಪ್ಪು, ಬದನೆ ಸಂಜೆ ಏಳೂವರೆ ಮೇಲೆ ಮಾರ್ಕೆಟ್ಟಿಗೆ ಹೋದರೆ ಅರ್ಧ ರೇಟಿಗೆ ಸಿಗುತ್ತದೆ. ಸೊಪ್ಪು ಬಾಡಿರುತ್ತದೆ ಅಂತ ಮೂಗು ಮುರಿಯುವವರಿದ್ದಾರೆ. ತಣ್ಣೀರಿನಲ್ಲಿ ಅರ್ಧ ತಾಸು ಬಿಡಿ, ಎದ್ದು ಕೂರುತ್ತದೆ. ರೊಟ್ಟಿಗೆ ಶೇಂಗಾ ಚಟ್ನಿ, ಅಗಸೆ ಚಟ್ನಿ ಇದ್ದೇ ಇರುತ್ತದೆ. ಭಾನುವಾರ ಬರುತ್ತದೆ ಅಂತ ಗೊತ್ತಿರುವುದರಿಂದ ಬುಧವಾರದ ಹುರುಳಿ ಸಾರಿಗೆ ಮಕ್ಕಳು ಮುಖ ಸಿಂಡರಿಸುವುದಿಲ್ಲ. ನನಗೆ ಗೆಲುವು ಅನ್ನಿಸಿದ್ದು ಇದೇ.

ಸಂಜೆ ಮಂಡಕ್ಕಿ ಡಬ್ಬಿ ಹಿಡಿದು ಕೆಲವು ಸಲ ಕುಂದುವಾಡ ಕೆರೆ ಏರಿ ಮೇಲೆ ಹೋಗುತ್ತೇವೆ. ಹುರಿಗಡಲೆ ಪುಡಿ, ಈರುಳ್ಳಿ ಬೇರೆ ಬೇರೆ ಒಯ್ದು ಅಲ್ಲೇ ಕಲಸಬೇಕು, ಇಲ್ಲವಾದರೆ ಮೆತ್ತಗಾಗುತ್ತದೆ. ದಸರಾ ರಜೆಯಲ್ಲಿ ಚಿತ್ರದುರ್ಗದ ಕೋಟೆಗೂ ಹೋಗಿ ಬಂದೆವು. ನನಗೆ, ಮಗಳಿಗೆ, ಅತ್ತೆಗೆ ಸರ್ಕಾರಿ ಬಸ್ಸು ಫ್ರೀ. ಅಪ್ಪ ಮಗನಿಗೆ ಮಾತ್ರ ಟಿಕೆಟ್. ಬುತ್ತಿಗೆ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಒನಕೆ ಓಬವ್ವನ ಕಿಂಡಿ ನೋಡಿ ಬಂದು ಬಂಡೆ ನೆರಳಲ್ಲಿ ಕೂತು ಉಂಡೆವು. ಇಡೀ ದಿನಕ್ಕೆ 350 ರೂಪಾಯಿ ಒಳಗೇ ಆಯಿತು. ಅತ್ತೆ ಅಷ್ಟು ನಕ್ಕಿದ್ದನ್ನು ನಾನು ಮಾವ ಹೋದ ಮೇಲೆ ನೋಡಿರಲಿಲ್ಲ.

ಉದ್ರಿಯ ಕೊನೆಯ 600 ರೂಪಾಯಿ ಈ ಶಿವರಾತ್ರಿಯ ಹಿಂದಿನ ವಾರ ಕಟ್ಟಿದೆ. ಅಂಗಡಿಯವರು ನನ್ನ ಎದುರೇ ಹಾಳೆಯ ಮೇಲೆ ಗೀಟು ಎಳೆದರು. ಮುಂದಿನ ಭಾನುವಾರ ಅಕ್ಕ ಹರಿಹರದಿಂದ ಬಂದಳು. ನಾಲ್ಕು ದೋಸೆ ತಿಂದಳು, ಆಮೇಲೆ ಹಂಚನ್ನು ಎರಡೂ ಕೈಯಲ್ಲಿ ಎತ್ತಿ ಭಾರ ನೋಡಿದಳು. ಅವಳಿಗೂ ಅಂಥದ್ದೇ ಒಂದು ತಗಡು ಬೇಕಂತೆ. ಗುಜರಿ ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ, ಇನ್ನೂ ಸಿಕ್ಕಿಲ್ಲ.