ನ್ಯೂಜಿಲೆಂಡ್ ಕ್ರೂಸ್‌ನಲ್ಲಿ ಡಾಲ್ಫಿನ್ ಜೊತೆ ಈಜು: ನಾನು ಆಕರೋವಾ ಆರಿಸಿದ್ದು ಹೀಗೆ

ಸಿಡ್ನಿಯಿಂದ ಹೊರಡುವ ನ್ಯೂಜಿಲೆಂಡ್ ಕ್ರೂಸ್ ಬುಕ್ ಮಾಡಿದಾಗಲೇ ಹೆಂಡತಿ ಹೇಳಿಬಿಟ್ಟಳು: "ರೀ, ಒಂದು ಕಡೆಯಾದ್ರೂ ಡಾಲ್ಫಿನ್ ಜೊತೆ ಈಜಬೇಕು. ಕೊಳದಲ್ಲಿ ಕೂಡಿಹಾಕಿರೋದು ಮಾತ್ರ ಬೇಡ." ನಮ್ಮ ಹಡಗು ನಿಲ್ಲುವ ಕಡೆಗಳಲ್ಲಿ ಬೇ ಆಫ್ ಐಲೆಂಡ್ಸ್, ಟೌರಂಗಾ, ಪಿಕ್ಟನ್, ಲಿಟಲ್‌ಟನ್ ಇದ್ದವು. ನಾಲ್ಕೂ ಕಡೆ ಹತ್ತಿರದ ಕಡಲಲ್ಲಿ ಡಾಲ್ಫಿನ್ ಇವೆ. ಆರಿಸೋದೇ ತಲೆನೋವು.

ಹಳೆಯ ಪ್ರವಾಸ ಲೇಖನಗಳೆಲ್ಲ ಹೊಗಳುವುದು ಬೇ ಆಫ್ ಐಲೆಂಡ್ಸನ್ನು. ಆದರೆ ಅಲ್ಲಿ ಬಾಟಲ್‌ನೋಸ್ ಡಾಲ್ಫಿನ್‌ಗಳ ಜೊತೆ ಈಜುವುದನ್ನು 2019ರಲ್ಲೇ ನಿಲ್ಲಿಸಿದ್ದಾರೆ. 1999ರಿಂದ ಅಲ್ಲಿ ಅವುಗಳ ಸಂಖ್ಯೆ ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಹುಟ್ಟಿದ ಮರಿಗಳಲ್ಲಿ ಮುಕ್ಕಾಲು ಪಾಲು ಉಳಿಯುತ್ತಿರಲಿಲ್ಲ. ದಿನವಿಡೀ ದೋಣಿ, ಜನ. ಅವಕ್ಕೆ ಮೇಯಲು, ಮಲಗಲು, ಮರಿಗೆ ಹಾಲು ಕೊಡಲು ಪುರುಸೊತ್ತೇ ಇಲ್ಲ. ಹವಾಯಿಯಲ್ಲೂ ಇದೇ ಕಥೆ. ಅಲ್ಲಿನ ಸ್ಪಿನ್ನರ್ ಡಾಲ್ಫಿನ್ ರಾತ್ರಿ ಬೇಟೆಯಾಡಿ ಹಗಲು ಕೊಲ್ಲಿಗಳಲ್ಲಿ ಮಲಗುತ್ತದೆ. ನಾವು ಹೋಗಿ ಎಬ್ಬಿಸುತ್ತೇವೆ. ಹಾಗಾಗಿ 2021ರಿಂದ ಅಲ್ಲಿ ಸುಮಾರು 45 ಮೀಟರ್ ಹತ್ತಿರಕ್ಕೂ ಹೋಗುವಂತಿಲ್ಲ.

ಇದನ್ನೆಲ್ಲ ಓದಿದ ಮೇಲೆ ನಾನು ಹುಡುಕುವ ರೀತಿಯೇ ಬದಲಾಯಿತು. ಎಲ್ಲಿ ಜಾಸ್ತಿ ಡಾಲ್ಫಿನ್ ಸಿಗುತ್ತವೆ ಅಂತ ನೋಡುವುದು ಬಿಟ್ಟೆ. ನಾವು ಹೋಗುವ ಹೊತ್ತಿಗೆ ಅವು ಅಲ್ಲಿ ಏನು ಮಾಡುತ್ತಿರುತ್ತವೆ, ಅಲ್ಲಿನ ಕಾನೂನು ಏನು ಹೇಳುತ್ತದೆ ಅಂತ ಕೇಳತೊಡಗಿದೆ.

ಗೆಳೆಯರು ಕೈಕೋರಾ ಅಂದರು. ಡಸ್ಕಿ ಡಾಲ್ಫಿನ್‌ಗಳು ದೊಡ್ಡ ಹಿಂಡುಗಳಲ್ಲಿ ಇರುವ ಜಾಗ ಅದು. ಆದರೆ ದೊಡ್ಡ ಹಡಗುಗಳಿಗೆ ಅಲ್ಲಿ ಬಂದರಿಲ್ಲ. ಲಿಟಲ್‌ಟನ್‌ನಿಂದ ರಸ್ತೆಯಲ್ಲಿ ಹೋಗಿಬರಲು ಐದಾರು ಗಂಟೆ ಬೇಕು. ಸಂಜೆ ಹಡಗು ತಪ್ಪಿದರೆ ಮುಂದಿನ ಬಂದರಿಗೆ ನಮ್ಮ ಖರ್ಚಲ್ಲೇ ಓಡಬೇಕು. ಸುಮ್ನೆ ಯಾಕೆ ಅಂತ ಬಿಟ್ಟೆ. ಟೌರಂಗಾದಲ್ಲಿ ತೆರೆದ ಕಡಲಲ್ಲಿ ಹುಡುಕಿಕೊಂಡು ಹೋಗಬೇಕು. ನಮ್ಮ ಜೊತೆ ಹೊರಟಿದ್ದ ಅತ್ತೆಗೆ ವಾಂತಿ ಗ್ಯಾರಂಟಿ. ಪಿಕ್ಟನ್‌ನ ನೀರು ಶಾಂತ, ಅದನ್ನು ಎರಡನೆಯ ಆಯ್ಕೆಯಾಗಿ ಇಟ್ಟುಕೊಂಡೆ.

ಕೊನೆಗೆ ಆರಿಸಿದ್ದು ಆಕರೋವಾ. ಹಡಗು ನಿಲ್ಲುವ ಲಿಟಲ್‌ಟನ್‌ನಿಂದ ಬಸ್ಸಿನಲ್ಲಿ ಸುಮಾರು ಒಂದೂವರೆ ಗಂಟೆ. ಹಳೆಯ ಜ್ವಾಲಾಮುಖಿಯ ಬಾಯಿಗೆ ಸಮುದ್ರ ನುಗ್ಗಿ ಆದ ಬಂದರು ಅದು. ಸುತ್ತ ಗುಡ್ಡ, ಹಾಗಾಗಿ ಒಳಗೆ ಅಲೆ ಕಮ್ಮಿ. ಅಲ್ಲಿರುವುದು ಹೆಕ್ಟರ್ಸ್ ಡಾಲ್ಫಿನ್. ನ್ಯೂಜಿಲೆಂಡ್ ಬಿಟ್ಟು ಬೇರೆಲ್ಲೂ ಇಲ್ಲ. ಉದ್ದ ಒಂದೂವರೆ ಮೀಟರ್‌ಗಿಂತ ಹೆಚ್ಚಿಲ್ಲ, ಬೆನ್ನಿನ ರೆಕ್ಕೆ ಮಿಕ್ಕಿ ಮೌಸ್ ಕಿವಿಯ ಹಾಗೆ ದುಂಡಗೆ. ಮೀನಿನ ಬಲೆಗೆ ಸಿಕ್ಕಿ ಸಾಯುತ್ತಿದ್ದವು ಅಂತ 1988ರಲ್ಲೇ ಆ ಕರಾವಳಿಯನ್ನು ರಕ್ಷಿತ ಪ್ರದೇಶ ಮಾಡಿದರು. ಬೇಸಿಗೆಯಲ್ಲಿ, ಅಂದರೆ ನಮ್ಮ ಚಳಿಗಾಲದಲ್ಲಿ, ದಡದ ಹತ್ತಿರ ಬರುತ್ತವೆ. ಕ್ರೂಸ್ ಸೀಸನ್ನೂ ಆಗಲೇ. ಸ್ವಭಾವತಃ ಕುತೂಹಲ ಜಾಸ್ತಿ, ತಾವಾಗಿಯೇ ದೋಣಿ ನೋಡಲು ಬರುತ್ತವೆ.

ನಾನೇ ಬುಕ್ ಮಾಡಿದ್ದರೆ ಸ್ವಲ್ಪ ಅಗ್ಗವಾಗುತ್ತಿತ್ತು. ಆದರೂ ಹಡಗಿನವರ ಟೂರನ್ನೇ ತೆಗೆದುಕೊಂಡೆ. ಅವರ ಬಸ್ ತಡವಾದರೆ ಹಡಗು ಕಾಯುತ್ತದೆ, ನನ್ನ ಟ್ಯಾಕ್ಸಿಗೆ ಯಾರೂ ಕಾಯಲ್ಲ. ಹಣ ಕಟ್ಟುವ ಮೊದಲು ಎರಡು ವಿಷಯ ಕೇಳಿದೆ. ಸರ್ಕಾರದ ಪರವಾನಗಿ ಇದೆಯಾ? ಡಾಲ್ಫಿನ್ ಸಿಗದಿದ್ದರೆ ಅಥವಾ ನೀರಿಗಿಳಿಯಲು ಆಗದಿದ್ದರೆ ಸ್ವಲ್ಪವಾದರೂ ಹಣ ವಾಪಸ್ಸಾ? ಎರಡನೆಯದು ತಮಾಷೆಗೆ ಕೇಳಿದ್ದಲ್ಲ. ಹಿಂಡಿನಲ್ಲಿ ಮರಿ ಇದ್ದರೆ ಅಲ್ಲಿ ಯಾರೂ ನೀರಿಗೆ ಇಳಿಯುವಂತಿಲ್ಲ, ಇದು ಅಲ್ಲಿನ ಕಾನೂನು. ಮರಿ ಹಾಕುವುದೂ ಬೇಸಿಗೆಯಲ್ಲೇ. ನಮಗೆ ಮೊದಲು ಸಿಕ್ಕ ಗುಂಪಿನಲ್ಲಿ ಪುಟ್ಟದೊಂದಿತ್ತು. ಕ್ಯಾಪ್ಟನ್ ನಿಧಾನವಾಗಿ ದೋಣಿ ತಿರುಗಿಸಿ ದೂರ ಹೋದರು. ಕೆಲವರ ಮುಖ ಸಪ್ಪಗಾಯಿತು, ನನಗೆ ಅವರ ಮೇಲೆ ನಂಬಿಕೆ ಬಂತು.

ಬೇಸಿಗೆಯಾದರೂ ನೀರು ಕೊರೆಯುತ್ತದೆ. ದಪ್ಪ ವೆಟ್‌ಸೂಟ್, ಅಂದರೆ ಮೈಗಂಟುವ ರಬ್ಬರಿನಂಥ ಈಜುಡುಗೆ, ಅವರೇ ಕೊಡುತ್ತಾರೆ. ಅದು ನಮ್ಮನ್ನು ತೇಲಿಸುತ್ತದೆ, ಹಾಗಾಗಿ ಭಾರೀ ಈಜುಗಾರರೇ ಆಗಬೇಕಿಲ್ಲ, ನೀರಿನ ಭಯ ಇರಬಾರದು ಅಷ್ಟೆ. ಮುಟ್ಟಬಾರದು, ಅಟ್ಟಿಸಿಕೊಂಡು ಹೋಗಬಾರದು. ಇದ್ದಲ್ಲೇ ತೇಲುತ್ತಾ, ಬಾಯಲ್ಲಿಟ್ಟು ಉಸಿರಾಡುವ ಕೊಳವೆ ಸ್ನಾರ್ಕೆಲ್ ಒಳಗೆ ಹಾಡಿ ಅಂದರು. ನಾನು ಬಾಯಿಗೆ ಬಂದದ್ದು ಗುನುಗಿದೆ, ಪಕ್ಕದಲ್ಲಿ ಹೆಂಡತಿ ನಗುತ್ತಾ ಉಪ್ಪುನೀರು ಕುಡಿದಳು. ಹಾಡು ಇಷ್ಟವಾಯಿತೋ ಇಲ್ಲವೋ, ಬಂದವು. ಬೂದು ಮೈ, ಕಪ್ಪು ಮುಖ. ಒಂದು ಸುತ್ತು ಹಾಕಿ ಹೋಗಿ ಮತ್ತೆ ಬಂದವು. ಅವುಗಳ ಸದ್ದು ಮಾತ್ರ ಕೇಳಿಸಲಿಲ್ಲ. ಈ ಜಾತಿ ಮಾಡುವ ಕ್ಲಿಕ್ 120 ಕಿಲೋಹರ್ಟ್ಸ್ ಆಸುಪಾಸಿನದು, ನಮ್ಮ ಕಿವಿ 20ಕ್ಕೇ ನಿಲ್ಲುತ್ತದೆ.

ಗಾಜಿನಂಥ ನೀಲಿ ನೀರಿನ ಫೋಟೋ ನೋಡಿ ಹೋಗುವವರಿಗೆ ಒಂದು ಮಾತು. ಆಕರೋವಾದ ನೀರು ಹಸಿರು, ಮಬ್ಬು. ಮೀಟರ್ ದೂರ ಬರುವವರೆಗೆ ಕಾಣಲ್ಲ, ಕಂಡಾಗ ಎದೆ ಧಸಕ್ಕೆನ್ನುತ್ತದೆ. ಈಜದವರಿಗೆ ಕಮ್ಮಿ ದರದ ಟಿಕೆಟ್ ಇದೆ, ಅತ್ತೆ ಅದರಲ್ಲಿ ಮೇಲೆ ಕೂತಿದ್ದರು. ನಾವು ನಡುಗುತ್ತಾ ದೋಣಿ ಹತ್ತಿದಾಗ ಶಾಲು ಸರಿಮಾಡಿಕೊಳ್ಳುತ್ತಾ ಕೇಳಿದರು: "ಅಲ್ಲ ಕಣಪ್ಪಾ, ನಿಮ್ಮ ಹಿಂದೆನೇ ಐದಾರು ಆಡ್ತಾ ಇದ್ವಲ್ಲ, ನೀವಿಬ್ರೂ ಆ ಕಡೆ ಏನು ನೋಡ್ತಾ ಇದ್ರಿ?"